ತುಂಬಿದ ಲೋಟದ ತಿಪ್ಪೇರುದ್ರಣ್ಣ

ಕಾರು ಓಡಿಸಲು ಬಾರದ ತಿಪ್ಪೇರುದ್ರಣ್ಣನನ್ನು ಕೇಳದೆ ಹಿರಿಯೂರಿನ ನಮ್ಮ ಬೀದಿಯಲ್ಲಿ ಯಾರೂ ಹಳೇ ಕಾರು ಕೊಳ್ಳುತ್ತಿರಲಿಲ್ಲ. ಬಾರದು ಎಂದರೆ ಅಲ್ಪಸ್ವಲ್ಪ ಬರುತ್ತಿತ್ತು ಎಂದಲ್ಲ, ಕ್ಲಚ್ಚು ಯಾವ ಕಾಲಿಗೆ ಸಿಗುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರ ಬಳಿ ಇದ್ದದ್ದು ಒಂದು ಸೈಕಲ್ಲು, ಅದನ್ನೂ ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಆದರೂ ಯಾರಾದರೂ ಕಾರು ನೋಡಲು ಹೊರಟರೆ ಮುಂದಿನ ಎಡಗಡೆ ಸೀಟು ಅವರಿಗೇ ಮೀಸಲು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹಣೆಗೆ ವಿಭೂತಿ, ಬಲಗೈಯಲ್ಲಿ ಅಂಚಿನವರೆಗೂ ನೀರು ತುಂಬಿದ ಸ್ಟೀಲ್ ಲೋಟ. ಹೀಗೆ ಕುಳಿತು ಕಣ್ಣು ಮುಚ್ಚಿದರೆಂದರೆ ಡ್ರೈವರ್ ಕೂಡ ಕೆಮ್ಮುವಂತಿರಲಿಲ್ಲ. ಲೋಟದಿಂದ ನೀರು ಚೆಲ್ಲಿದರೆ ಗಾಡಿಯಲ್ಲಿ ದೋಷ ಇದೆ ಎಂದರ್ಥ.

"ಮೀಟ್ರು ಸುಳ್ಳ್ ಹೇಳ್ತೈತೆ, ಬ್ರೋಕ್ರು ಸುಳ್ಳ್ ಹೇಳ್ತಾನೆ. ನೀರು ಹೇಳಲ್ಲಪ್ಪ," ಎನ್ನುತ್ತಿದ್ದರು.

ಈ ಪದವಿ ಅವರಿಗೆ ಹೇಗೆ ಬಂತೆಂದರೆ, ಮೊದಲು ಅವರು ಶೇಂಗಾ ಮಂಡಿಯಲ್ಲಿ ತೂಕ ಮಾಡುತ್ತಿದ್ದರು. ಮೂಟೆಯ ಕಿವಿ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ಎಷ್ಟು ಕಾಯಿ, ಎಷ್ಟು ಮಣ್ಣು ಎಂದು ಹೇಳಿಬಿಡುತ್ತಿದ್ದರು. ಒಂದು ದಿನ ಪಕ್ಕದ ಮನೆಯವರ ಹಳೇ ಕಾರಿನಲ್ಲಿ ಮದುವೆಗೆ ಹೋಗುವಾಗ, ಸುಮ್ಮನೆ ಮಾತಿಗೆ, "ಹಿಂದ್ಲ ಎಡಗಡೆ ಚಕ್ರ ಅಳ್ತೈತೆ," ಎಂದರಂತೆ. ಮಾರನೆಯ ದಿನ ಅದೇ ಚಕ್ರ ಕಳಚಿಕೊಂಡು ಕಾರಿಗಿಂತ ಮುಂದೆ ಓಡಿತು. ಅಷ್ಟೇ. ಮೂಟೆ ತೂಗುತ್ತಿದ್ದವರನ್ನು ಬೀದಿಯವರೆಲ್ಲ ಸೇರಿ ಎಂಜಿನಿಯರ್ ಮಾಡಿದರು. ನಾನೂ ಆ ಜನರಲ್ಲಿ ಒಬ್ಬ, ತಪ್ಪಿಸಿಕೊಳ್ಳುವುದಿಲ್ಲ.

ಅವರ ಪರೀಕ್ಷೆಗೆ ಎರಡು ನಿಯಮಗಳಿದ್ದವು. ಕಾರನ್ನು ಹೊಸದುರ್ಗದ ದಾರಿಯಲ್ಲೇ ಓಡಿಸಬೇಕು. "ಹೈವೇನಾಗೆ ಕತ್ತೆನೂ ಓಡ್ತೈತೆ. ಹೊಸದುರ್ಗದ ರೋಡಿಗೆ ಬಿಟ್ ನೋಡ್ರಿ, ಆಗ ಬಣ್ಣ ಬಯಲಾಗ್ತೈತೆ." ಎರಡನೆಯದು, ಡಿಕ್ಕಿಯಲ್ಲಿ ಲೋಡು ಇರಬೇಕು. ಲೋಡು ಎಂದರೆ ಅವರ ಮನೆಯ ಶೇಂಗಾ ಮೂಟೆ. ಮೂಟೆಯ ಜೊತೆ ಕೆಲವೊಮ್ಮೆ ಎಣ್ಣೆ ಡಬ್ಬಿ, ಹುಣಸೆಹಣ್ಣಿನ ಗಂಟು, ಒಮ್ಮೆ ಒಂದು ಮರದ ತೊಟ್ಟಿಲು. ಹೊಸದುರ್ಗ ಮುಟ್ಟಿದ ಮೇಲೆ ಈ ಲೋಡು ಅವರ ಮಗಳು ಗಿರಿಜೆಯ ಗಂಡನ ಮನೆಯ ಮುಂದೆ ಇಳಿಯುತ್ತಿತ್ತು. ಬರುವಾಗ ಲೋಡಿಲ್ಲದೆ ಗಾಡಿಯ ಎಳೆತ ಗೊತ್ತಾಗುವುದು ಹೇಗೆ? ಅದಕ್ಕೆ ಅದೇ ಚೀಲದ ತುಂಬ ತೆಂಗಿನಕಾಯಿ ಹತ್ತುತ್ತಿತ್ತು. ಪೆಟ್ರೋಲಿನ ಖರ್ಚು ಕಾರು ಕೊಳ್ಳುವವರದು, ನಡುವಿನ ತಿಂಡಿಯೂ ಕೊಳ್ಳುವವರದೇ.

ನಮಗೆ ಕಾರು ಬೇಕಾದದ್ದು ನನ್ನ ಹೆಂಡತಿ ಶಶಿಕಲೆಗೆ. ಅವಳಿಗೆ ಧರ್ಮಪುರದ ಶಾಲೆಗೆ ವರ್ಗವಾಗಿತ್ತು. ಬೆಳಗಿನ ಬಸ್ಸು ಸಿಕ್ಕಿದರೆ ಪ್ರಾರ್ಥನೆಯ ಹೊತ್ತಿಗೆ ತಲುಪಬಹುದು, ತಪ್ಪಿದರೆ ಊಟದ ಹೊತ್ತಿಗೆ. ಬೇಸಿಗೆ ರಜೆ ಮುಗಿಯುವುದರೊಳಗೆ ಕಾರು ಬರದಿದ್ದರೆ, ನಾಲ್ಕು ವರ್ಷದ ಮಗಳನ್ನು ನನ್ನ ಬಳಿ ಬಿಟ್ಟು ಅವಳು ಧರ್ಮಪುರದಲ್ಲೇ ರೂಮು ಮಾಡಬೇಕಿತ್ತು. ಮಗುವಿಗೆ ಜಡೆ ಹಾಕಲು ನನಗೆ ಬಾರದು ಎಂಬುದು ಮಾತ್ರವಲ್ಲ, ಅವಳಿಲ್ಲದ ಮನೆಯನ್ನು ನೆನೆದರೇ ನನಗೆ ಹೆದರಿಕೆಯಾಗುತ್ತಿತ್ತು. ಶಶಿಕಲೆ ಆಗಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಆದರೆ ಅವಳಿಗಾಗಿ ಕಾರು ನೋಡುವಾಗ ಓಡಿಸುತ್ತಿದ್ದವನು ನಾನು, ಪರೀಕ್ಷಿಸುತ್ತಿದ್ದವರು ರುದ್ರಣ್ಣ. ಅವಳು ಹಿಂದಿನ ಸೀಟಿನಲ್ಲಿ ಕಿಟಕಿ ನೋಡುತ್ತಿದ್ದಳು.

"ನೀವು ಹಿಂದ್ ಕುಂತ್ಕಳ್ರಿ ಟೀಚರಮ್ಮ. ಹೆಣ್ಮಕ್ಳು ಮುಂದ್ ಕುಂತ್ರೆ ಗಾಡಿ ನಾಚ್ಕಂತೈತೆ, ನಿಜ ಹೇಳಲ್ಲ," ಎಂದಿದ್ದರು ರುದ್ರಣ್ಣ. ನಾನು ಹಲ್ಲು ಕಿರಿದು ತಲೆಯಾಡಿಸಿದ್ದೆ.

ಮೊದಲ ಕಾರಿನಲ್ಲಿ ನೀರು ಚೆಲ್ಲಿತು. ಎರಡನೆಯದರಲ್ಲೂ ಚೆಲ್ಲಿತು. ಮೂರನೆಯದು ಬಿಳಿ ಕಾರು, ನನ್ನ ಕಣ್ಣಿಗೆ ಬಂಗಾರದಂತಿತ್ತು. ಹೊಸದುರ್ಗ ತಲುಪಿ ಗಿರಿಜೆಯ ಮನೆಯ ಮುಂದೆ ನಿಲ್ಲಿಸಿದೆವು. ಗಿರಿಜೆಯ ಅತ್ತೆ ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಕಾರು ನೋಡಿದರು.

"ಈ ಸಲ ಬಿಳೇದ್ ತಂದೀರಾ ಬೀಗ್ರೇ? ಹೋದ್ಸಲ ಕೆಂಪುದಿತ್ತು. ಒಟ್ಟು ಎಷ್ಟ್ ಗಾಡಿ ಮಡಿಗೀರಿ?"

"ಅವೆ ಅವೆ, ಒಂದೆರಡು," ಎಂದು ರುದ್ರಣ್ಣ ಲೋಟದ ನೀರನ್ನೇ ನೋಡಿದರು. ನನ್ನನ್ನು ತೋರಿಸಿ, "ಇವ್ರು ನಮ್ ಮಂಜಣ್ಣ," ಎಂದಷ್ಟೇ ಹೇಳಿದರು. ನಾನು ಡ್ರೈವರ್ ಎಂದು ಆ ತಾಯಿ ತಿಳಿದುಕೊಂಡರು. ರುದ್ರಣ್ಣನಿಗೆ ಒಳಗೆ ಕುರ್ಚಿ, ನನಗೆ ಹೊರಗೆ ಕಟ್ಟೆ. ಕಾಫಿ ಮಾತ್ರ ಒಂದೇ ಥರದ್ದು ಬಂತು.

ಹಿಂದಿರುಗುವಾಗ ರಸ್ತೆಗೆ ಕುರಿಮಂದೆ ಅಡ್ಡ ಬಂತು. ನಾನು ಎಂಜಿನ್ ಆಫ್ ಮಾಡಿ ಕುಳಿತೆ. ಕುರಿಗಳು ದಾಟುತ್ತಲೇ ಇದ್ದವು.

"ಚೆಲ್ತು ನೋಡ್ರಿ," ಎಂದು ರುದ್ರಣ್ಣ ಕಣ್ಣು ತೆರೆದರು. "ಈ ಗಾಡಿ ಬ್ಯಾಡ ಬಿಡ್ರಿ."

ಮನೆಗೆ ಬಂದ ಮೇಲೆ ಶಶಿಕಲೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದಳು, "ನಿಂತ ಗಾಡೀಲಿ ನೀರ್ ಹೆಂಗ್ರೀ ಚೆಲ್ತೈತೆ? ನಾನ್ ಹಿಂದಿಂದ ನೋಡ್ತಾ ಇದ್ದೆ. ಹೆಬ್ಬೆರಳಲ್ಲಿ ಲೋಟ ಬಗ್ಗಿಸಿದ್ರು. ಗಾಡಿ ಆಗ್ಲಿ ಅಂದ್ರೆ ಅವರ ಹೊಸದುರ್ಗದ ಸವಾರಿ ಅಲ್ಲಿಗೆ ಮುಗೀತಲ್ಲ!"

"ವಯಸ್ಸಾದವರ ಕೈ ನಡುಗಿರ್ತೈತೆ," ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಲೋಟವಿದ್ದಿದ್ದರೆ ನನ್ನ ಕೈಯಿಂದಲೂ ಚೆಲ್ಲುತ್ತಿತ್ತು. ಆ ಬಿಳಿ ಕಾರು ಎರಡೇ ದಿನಕ್ಕೆ ಬೇರೆಯವರ ಪಾಲಾಯಿತು, ಇಂದಿಗೂ ಓಡುತ್ತಿದೆ.

ಸೋಮವಾರ ಶಾಲೆ ಶುರು ಎನ್ನುವಾಗ, ಅದರ ಹಿಂದಿನ ಶುಕ್ರವಾರ ಹೊಳಲ್ಕೆರೆಯಲ್ಲಿ ಒಂದು ಕಾರು ಇದೆ ಎಂದು ಗೊತ್ತಾಯಿತು. ನಿವೃತ್ತ ಪಶುವೈದ್ಯರೊಬ್ಬರದು, ಹೆಚ್ಚು ಓಡಿಲ್ಲ. ಮೂವರೂ ಬಸ್ಸಿನಲ್ಲಿ ಹೊರಟೆವು. ಮೂವರು ಎಂದೆ, ಮೂಟೆಯನ್ನು ಬಿಟ್ಟೆ. ರುದ್ರಣ್ಣ ಶೇಂಗಾ ಮೂಟೆಯನ್ನೂ ಬಸ್ಸಿಗೆ ಹತ್ತಿಸಿದರು, ಅದಕ್ಕೂ ಟಿಕೆಟ್ ತೆಗೆಸಿದವನು ನಾನು. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಿಂದ ಡಾಕ್ಟರ ಮನೆಯವರೆಗೆ ಅದನ್ನು ಹೊತ್ತವನೂ ನಾನೇ.

ಡಾಕ್ಟರು ಡಿಕ್ಕಿ ತೆರೆದರು. ಅದರ ತುಂಬ ಒಂದು ಗ್ಯಾಸ್ ಸಿಲಿಂಡರು ಮಲಗಿತ್ತು. ಪೆಟ್ರೋಲಿಗೂ ಗ್ಯಾಸಿಗೂ ಓಡುವ ಗಾಡಿ. ಮೂಟೆ ಇರಲಿ, ಒಂದು ತೆಂಗಿನಕಾಯಿ ಇಡಲೂ ಜಾಗವಿರಲಿಲ್ಲ. ರುದ್ರಣ್ಣನ ಮುಖ ಸಪ್ಪಗಾಯಿತು. ಎಂಜಿನ್ ಶುರು ಮಾಡುವುದಕ್ಕೂ ಮೊದಲೇ ತೀರ್ಪು ಬಂತು.

"ಇದು ಬ್ಯಾಡ ಮಂಜಣ್ಣ. ಬೆನ್ನ ಹಿಂದೆ ಬಾಂಬ್ ಇಟ್ಕಂಡ್ ಧರ್ಮಪುರಕ್ಕೆ ಕಳುಸ್ತೀಯೇನು ಟೀಚರಮ್ಮನ್ನ? ನಡಿ, ಹೋಗಾಣ."

ನಾನು ನಾಚಿಕೆಯಿಲ್ಲದೆ ಮೂಟೆಗೆ ಕೈ ಹಾಕಿದೆ. ಅಷ್ಟರಲ್ಲಿ ಶಶಿಕಲೆ ಡಾಕ್ಟರ ಕೈಯಿಂದ ಕೀ ತೆಗೆದುಕೊಂಡಿದ್ದಳು.

"ರುದ್ರಣ್ಣಾರೆ, ಮೂಟೆ ಹಿಂದಿನ ಸೀಟಿಗೆ ಹಾಕ್ರಿ, ಜೊತಿಗೆ ನೀವೂ ಕುಂತ್ಕಳ್ರಿ. ಗಿರಿಜಾನ ಮನಿಗೆ ಇಳಿಸಿ ಬರ್ತೀನಿ. ಗಾಡಿ ಹೆಂಗೈತೆ ಅಂತ ನಾನ್ ನೋಡ್ಕಂತೀನಿ. ಓಡಿಸೋಳು ನಾನು."

"ಲೋಟ..." ಎಂದರು ರುದ್ರಣ್ಣ.

"ಲೋಟ ಬ್ಯಾಗಲ್ಲಿ ಇಡ್ರಿ."

ಹೊಸದುರ್ಗದವರೆಗೂ ಅವಳೇ ಓಡಿಸಿದಳು. ಅವಳು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಳು, ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಳು, ಸ್ಟೀರಿಂಗ್ ಸಡಿಲ ಬಿಟ್ಟು ಗಾಡಿ ಯಾವ ಕಡೆ ಎಳೆಯುತ್ತದೆಂದು ನೋಡಿದಳು. ನಮ್ಮಿಬ್ಬರಿಗೂ ಹೊಳೆಯದೇ ಇದ್ದ ಕೆಲಸಗಳಿವು. ಹಿಂದೆ ಮೂಟೆಯನ್ನು ತಬ್ಬಿಕೊಂಡು ಕುಳಿತಿದ್ದ ರುದ್ರಣ್ಣ ಅಂದು ಮೊದಲ ಬಾರಿಗೆ ಕಣ್ಣು ತೆರೆದುಕೊಂಡೇ ಪ್ರಯಾಣ ಮಾಡಿದರು. ಆ ಕಾರನ್ನೇ ಕೊಂಡೆವು. ಸೋಮವಾರ ಶಶಿಕಲೆ ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿದ್ದಳು, ಸಂಜೆ ಮಗಳ ಜಡೆ ಬಿಚ್ಚುವ ಹೊತ್ತಿಗೆ ಮನೆಯಲ್ಲಿದ್ದಳು.

ರುದ್ರಣ್ಣ ನಮ್ಮ ಜೊತೆ ಮಾತು ಬಿಟ್ಟರು. ನಮ್ಮ ಜೊತೆ ಮಾತ್ರ ಬಿಟ್ಟರು, ನಮ್ಮ ವಿಷಯದಲ್ಲಿ ಬಿಡಲಿಲ್ಲ. "ಆ ಗಾಡಿ ಒಂದಿನ ಢಂ ಅಂತೈತೆ ನೋಡ್ತಿರ್ರಿ," ಎಂದು ಹೋಟೆಲಿನಲ್ಲಿ ಕುಳಿತು ಹೇಳುತ್ತಿದ್ದರಂತೆ. ಕಾರು ಢಂ ಎನ್ನಲಿಲ್ಲ, ಅವರ ಕಸುಬೇ ಢಂ ಎಂದಿತು. ಜನ ಫೋನಿನಲ್ಲಿ ಚಿತ್ರ ನೋಡಿ ಕಾರು ಆರಿಸತೊಡಗಿದರು. ಮಾರುವವರು, ಟೆಸ್ಟ್ ಬೇಕಿದ್ದರೆ ಸರ್ಕಲ್‌ವರೆಗೆ ಹೋಗಿ ಬನ್ನಿ ಎನ್ನತೊಡಗಿದರು. ಸರ್ಕಲ್‌ನಲ್ಲಿ ಗಿರಿಜೆಯಿಲ್ಲವಲ್ಲ. ವರ್ಷ ಕಳೆಯುವಷ್ಟರಲ್ಲಿ ಎಡಗಡೆ ಸೀಟಿಗೆ ಅವರನ್ನು ಕರೆಯುವವರೇ ಇಲ್ಲವಾದರು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬಂದು ನಿಂತರು. ತುಂಬ ಸೊರಗಿದ್ದರು.

"ಸರ್ವಿಸ್ ಮಾಡಿಸೀರಂತೆ ಟೀಚರಮ್ಮ. ಸರ್ವಿಸ್ ಆದ್ಮ್ಯಾಲೆ ಒಂದ್ಸಲ ಟೆಸ್ಟ್ ಮಾಡಾದು ಒಳ್ಳೇದು," ಎಂದರು.

"ಮೂಟೆ ತಂದೀರಾ?" ಎಂದು ಕೇಳಿದಳು ಶಶಿಕಲೆ.

ಅವರು ನೆಲ ನೋಡಿದರು. ಮೂಟೆ ನಮ್ಮ ಕಾಂಪೌಂಡಿನ ಆಚೆ, ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲಿತ್ತು. ಶಶಿಕಲೆ ಮತ್ತೇನೂ ಕೇಳದೆ ಒಳಗೆ ಹೋಗಿ, ನಮ್ಮ ಮನೆಯ ಲೋಟದಲ್ಲಿ ಅಂಚಿನವರೆಗೂ ನೀರು ತುಂಬಿ ತಂದು ಅವರ ಕೈಗಿಟ್ಟಳು. ಮುಂದಿನ ಎಡಗಡೆ ಸೀಟಿನ ಬಾಗಿಲನ್ನೂ ಅವಳೇ ತೆಗೆದಳು. ನಾನು ಹಿಂದೆ ಮೂಟೆಯ ಪಕ್ಕ ಕುಳಿತೆ.

ಮಳೆಗೆ ರಸ್ತೆ ಕಿತ್ತುಹೋಗಿತ್ತು. ಗುಂಡಿಗೊಮ್ಮೆ ನನ್ನ ತಲೆ ಮೇಲಕ್ಕೆ ತಾಗುತ್ತಿತ್ತು. ರುದ್ರಣ್ಣ ಕಣ್ಣು ಮುಚ್ಚಿ ಕುಳಿತಿದ್ದರು. ಹೊಸದುರ್ಗದಲ್ಲಿ ಇಳಿದಾಗ ಗಿರಿಜೆಯೂ ಅವಳ ಅತ್ತೆಯೂ ಬಾಗಿಲಿಗೆ ಬಂದರು.

"ಗಾಡಿ ಬದ್ಲಾಯಿಸಿಲ್ವಾ ಬೀಗ್ರೇ? ಹಿಂದೆ ಒಂದ್ಸಲ ಇದ್ರಾಗೇ ಬಂದಿದ್ರಲ್ಲ."

"ಇದು ನಂದಲ್ಲಮ್ಮ," ಎಂದರು ರುದ್ರಣ್ಣ. "ಹಿಂದಿನವೂ ನಮ್ಮವಲ್ಲ. ಇದು ನಮ್ ಟೀಚರಮ್ಮನ ಗಾಡಿ. ಅವ್ರೇ ಆರಿಸಿದ್ದು, ಅವ್ರೇ ಓಡ್ಸಿದ್ದು. ಹಿರಿಯೂರಿಂದ ಇಲ್ಲೀತಂಕ ಒಂದ್ ಹನಿ ಚೆಲ್ಲಿಲ್ಲ ನೋಡ್ರಿ."

ಅತ್ತೆ ಏನೆಂದರೋ ನಾನು ಕೇಳಿಸಿಕೊಳ್ಳಲಿಲ್ಲ. ಗಿರಿಜೆ ಅಪ್ಪನ ತೋಳು ಹಿಡಿದುಕೊಂಡಳು. ಆ ಸಲ ಅವರು ನಮ್ಮ ಜೊತೆ ಹಿಂದಿರುಗಲಿಲ್ಲ. ಎರಡು ದಿನ ಇದ್ದು ಬರುತ್ತೇನೆಂದು ಅಲ್ಲೇ ಉಳಿದವರು, ಅಲ್ಲೇ ತೀರಿಕೊಂಡರು. ಸೈಕಲ್ಲು ಇನ್ನೂ ನಮ್ಮ ಕಾಂಪೌಂಡಿಗೆ ಒರಗಿಕೊಂಡೇ ಇದೆ.

ಅವರನ್ನು ನಾನು ಕೊನೆಯದಾಗಿ ನೋಡಿದ್ದು ಆ ಬಾಗಿಲಲ್ಲೇ. ಒಂದು ಹನಿ ಚೆಲ್ಲಿಲ್ಲ ಎಂದು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ ಲೋಟದಲ್ಲಿ ತಳ ಕಾಣುತ್ತಿತ್ತು. ಬಿಳಿ ಪಂಚೆ ತೊಡೆಯಿಂದ ಮೊಣಕಾಲಿನವರೆಗೂ ಒದ್ದೆಯಾಗಿತ್ತು.