ಕಾಯಿಸಿದರೆ ಕೂಡುವ ಲೋಹ

ಆ ವಿಡಿಯೋ ತೆಗೆದ ಪುಣ್ಯಾತ್ಮ ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾದರೆ ಅವನ ಮೊಬೈಲನ್ನು ನಮ್ಮಣ್ಣನ ಕುಲುಮೆಯ ಅಡಿಗಲ್ಲಿನ ಮೇಲಿಟ್ಟು ಸಮ್ಮಟಿಗೆಯಿಂದ ಒಂದೇ ಏಟು ಹಾಕುತ್ತೇನೆ. ಆಮೇಲೆ ಅವನಿಗೇ ಹೇಳುತ್ತೇನೆ, ಈಗ ಕಾಯಿಸು, ಕೂಡುತ್ತದೇನು ನೋಡೋಣ ಎಂದು.

ಕೊಟ್ಟೂರಿನಲ್ಲಿ ಹರಪನಹಳ್ಳಿ ರಸ್ತೆಯ ಬದಿಗೆ ನಮ್ಮ ಕುಲುಮೆ ಇದೆ. ಅಣ್ಣ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುತ್ತಾನೆ, ಅತ್ತಿಗೆ ಸಮ್ಮಟಿಗೆ ಬಡಿಯುತ್ತಾಳೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ್ದೂ ಅವಳೇ, ಬೈದು ಓದಿಸಿದ್ದೂ ಅವಳೇ. ನಾನು ಡಿಪ್ಲೊಮಾ ಮುಗಿಸಿ ಜಿಲ್ಲೆಯಾಚೆಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನಾವು ಮಾಡುವುದು ಬಿರುಕು ಬಿಟ್ಟರೆ ತಾನೇ ಕೂಡಿಕೊಳ್ಳುವ ಲೋಹ. ತವರ, ಬಿಸ್ಮತ್ ಬೆರೆಸಿದ ಮೆತ್ತನೆಯ ಲೋಹದ ಹೊಟ್ಟೆಯೊಳಗೆ ಸಣ್ಣ ತಂತಿಗಳನ್ನು ಹುದುಗಿಸುತ್ತೇವೆ. ಲೋಹ ಸೀಳಿದಾಗ ತಂತಿ ಹರಿಯುವುದಿಲ್ಲ, ಹಿಗ್ಗುತ್ತದೆ. ಕಾಯಿಸಿದರೆ ಅದು ಮೊದಲಿನ ಅಳತೆಗೆ ಕುಗ್ಗಿ ಬಿರುಕಿನ ಎರಡು ಬದಿಗಳನ್ನೂ ಹತ್ತಿರಕ್ಕೆ ಎಳೆಯುತ್ತದೆ. ಸುತ್ತಲಿನ ಲೋಹ ತುಸು ಕರಗಿ ಬೆಸೆಯುತ್ತದೆ. ಇಷ್ಟೇ. ಮಂತ್ರವಿಲ್ಲ, ಮಾಟವಿಲ್ಲ.

ಒಂದು ರಜೆಗೆ ಬಂದಾಗ, ನೀನು ಅಲ್ಲಿ ಏನು ಕಿಸಿಯುತ್ತೀ ತೋರಿಸು ಎಂದು ಅತ್ತಿಗೆ ಕೆಣಕಿದಳು. ಬೆರಳುದ್ದದ ಒಂದು ತುಂಡು ತಂದಿದ್ದೆ. ಬಗ್ಗಿಸಿ ಬಿರುಕು ಬರಿಸಿ, ಕುಲುಮೆಯ ಅಂಚಿನ ಬಿಸಿಗೆ ಇಟ್ಟೆ. ಬಿರುಕು ಎಲ್ಲರ ಕಣ್ಣೆದುರೇ ಮುಚ್ಚಿತು. ಕೆಲಸಕ್ಕೆ ಕಾಯುತ್ತಿದ್ದ ರೈತರು ಹೌಹಾರಿದರು. ಇದು ಈ ಲೋಹಕ್ಕೆ ಮಾತ್ರ, ನಿಮ್ಮ ಕಬ್ಬಿಣಕ್ಕಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ವಿಡಿಯೋ ತೆಗೆದವನು ಆ ಮಾತನ್ನೇ ಕತ್ತರಿಸಿ ಬಿಸಾಕಿದ್ದ.

ಹಡಗಲಿಯಿಂದ ಕೂಡ್ಲಿಗಿವರೆಗೆ ಹರಿದಾಡಿತು ಅದು. ಒಬ್ಬಳು ಸೀಳಿದ ಕುಕ್ಕರ್ ತಂದಳು, ಇನ್ನೊಬ್ಬ ಪಂಪಿನ ಮುರಿದ ಶಾಫ್ಟ್ ತಂದ. ಅಣ್ಣ ತಲೆ ಚಚ್ಚಿಕೊಂಡ. ಹಾಗೆ ಬಂದವರಲ್ಲಿ ಒಬ್ಬ ಸಾಹುಕಾರ, ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ ಹಿಡಿದುಕೊಂಡು ಬಂದಿದ್ದ. ಅದರ ಕುತ್ತಿಗೆಯಲ್ಲಿ ಉಗುರು ಹೋಗುವಷ್ಟು ಬಿರುಕು. ಕಾಯಿಸಿ ಕೊಡು, ಶೇಂಗಾ ಕೀಳುವ ಹೊತ್ತು, ಹೊಸದಕ್ಕೆ ಕಾಯಲು ಪುರುಸೊತ್ತಿಲ್ಲ ಎಂದ. ಇದರ ಮೇಲೆ ಮಂದಿ ಜೀವ ಇರುತ್ತದೆ, ಬದಲಿಸಲೇಬೇಕು ಎಂದು ಅಣ್ಣ ಕೈಮುಗಿದ. ಅತ್ತಿಗೆ ಕೈಮುಗಿಯುವ ಪೈಕಿ ಅಲ್ಲ.

"ಕಾಯ್ಸಿದ್ರ ಕೂಡಾಂಗಿಲ್ರಿ, ಸಾವ್ಕಾರ್ರ. ಇದನ್ನ ಕಟ್ಟಿದ್ರ ಹೆಣ ಬೀಳ್ತಾವ" ಎಂದಳು.

ಸಾಹುಕಾರ ಕೊಂಡಿಯನ್ನು ಕಸಿದುಕೊಂಡು ಹೋದ. ಹೋಗಿ ತನ್ನ ಕಣದಲ್ಲಿ ಕುಳ್ಳು, ಕಟ್ಟಿಗೆ ಒಟ್ಟಿ ತಾನೇ ಕೆಂಪಗೆ ಕಾಯಿಸಿ ನೀರು ಸುರಿದನಂತೆ. ಬಿರುಕಿನಲ್ಲಿ ಕಪ್ಪು ಕಿಟ್ಟ ತುಂಬಿ, ಕೂಡಿದಂತೆಯೇ ಕಂಡಿರಬೇಕು. ನೀರು ಬಿದ್ದ ಕಬ್ಬಿಣ ಒಳಗೆ ಪೆಡಸಾಗಿ ಗಾಜಿನಂತಾಗಿತ್ತು. ಅದರ ಮೇಲೆ ನೀಲಿ ಬಣ್ಣ ಬಳಿದ, ಕತ್ತೆ.

ಮಾರನೆಯ ವಾರ ಕೂಲಿ ಹೆಂಗಸರನ್ನು ತುಂಬಿಕೊಂಡು ದಿಬ್ಬ ಏರುವಾಗ ಕೊಂಡಿ ಚಟ್ಟನೆ ಮುರಿಯಿತು. ಟ್ರೇಲರ್ ಹಿಂದಕ್ಕೆ ಉರುಳಿ ಮಗುಚಿತು. ಒಬ್ಬ ಹೆಂಗಸಿನ ಕಾಲು ಅದರಡಿಗೆ ಸಿಕ್ಕು ಜಜ್ಜಿಹೋಯಿತು. ಬೇರೆಯವರು ಟ್ರೇಲರ್ ಎತ್ತುವಾಗ ಅವಳ ಚರ್ಮ ಕಬ್ಬಿಣಕ್ಕೇ ಅಂಟಿಕೊಂಡು ಬಂತಂತೆ. ಅಲ್ಲೇ ನಿಂತು ಸಾಹುಕಾರ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಕೊಟ್ಟೂರಿನ ಕುಲುಮೆಯವರು ಕಾಯಿಸಿ ಕೂಡಿಸಿಕೊಟ್ಟ ಕೊಂಡಿ, ಆ ಲ್ಯಾಬಿನ ಹುಡುಗನೇ ಗ್ಯಾರಂಟಿ ಕೊಟ್ಟಿದ್ದ.

ಮತ್ತೊಂದು ರಜೆಗೆ ಬಂದು ಆ ದಿನ ನಾನು ಊರಲ್ಲೇ ಇದ್ದೆ. ಹೊತ್ತು ನೆತ್ತಿಗೇರುವ ಮುಂಚೆ ಒಂದು ಗುಂಪು ಕುಲುಮೆಗೆ ನುಗ್ಗಿತು. ಮುಂದೆ ಇದ್ದವನು ಆ ಹೆಂಗಸಿನ ಗಂಡ. ಅಂಗಿಯ ತುಂಬ ಹೆಂಡತಿಯ ರಕ್ತ, ಕೈಯಲ್ಲಿ ಮುರಿದ ಕೊಂಡಿ. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅದೇ ಕೊಂಡಿಯಿಂದ ಅವನ ಮೋರೆಗೆ ಬಾರಿಸಿದ. ಅಣ್ಣನ ಹಲ್ಲು ಇದ್ದಿಲಿನ ಮೇಲೆ ಬಿದ್ದದ್ದು ನನಗೆ ಕಾಣಿಸಿತು. ನನ್ನನ್ನು ಇಬ್ಬರು ಕೂದಲು ಹಿಡಿದು ಎಳೆದರು, ಹೊಟ್ಟೆಗೆ ಒದ್ದರು, ಮಂಡಿಯೂರಿಸಿ ಬಲಗೈಯನ್ನು ಅಡಿಗಲ್ಲಿಗೆ ಒತ್ತಿ ಹಿಡಿದರು. ಅಡಿಗಲ್ಲು ಇನ್ನೂ ಬಿಸಿ ಇತ್ತು, ಅಂಗೈ ಚುರ್ರೆಂದಿತು. ನಾನು ಕಿರುಚಿದೆ. ಗಂಡ ಕೊಂಡಿ ಬಿಸಾಡಿ ಅಣ್ಣನ ಸುತ್ತಿಗೆ ಎತ್ತಿಕೊಂಡ.

"ನನ್ನ ಹೆಂಡ್ತಿ ಕಾಲು ಹೋತು. ನಿನ್ನ ಕೈನೂ ಹೋಗ್ಲಿ. ಕಾಯ್ಸಿ ಕೂಡಿಸ್ಕ್ಯಾ."

ಅವನ ಕಣ್ಣಲ್ಲಿ ನೀರಿತ್ತು. ಆ ಕೈ ಇಲ್ಲದೆ ನನಗೆ ಕೆಲಸವಿಲ್ಲ, ಬಾಳಿಲ್ಲ. ಅದು ಅವನಿಗೂ ಗೊತ್ತು, ಅದಕ್ಕೇ ಕೈಯನ್ನೇ ಆರಿಸಿದ್ದ. ಸುತ್ತಿಗೆ ಮೇಲೇರಿತು. ಅತ್ತಿಗೆ ಯಾವಾಗ ಸಮ್ಮಟಿಗೆ ಎತ್ತಿದಳೋ ಯಾರೂ ನೋಡಲಿಲ್ಲ. ದಿನವೂ ಬೀಸುವಂತೆ, ಸೊಂಟದಿಂದ ಬೀಸಿದಳು. ಏಟು ಅವನ ಮೊಣಕೈಯ ಕೆಳಗೆ ಬಿತ್ತು. ಒಣ ಹತ್ತಿಕಟ್ಟಿಗೆ ಮುರಿದಂಥ ಸದ್ದು. ಕೈ ಬೇರೆಲ್ಲಿಗೋ ತಿರುಗಿತು, ಚರ್ಮ ಹರಿದು ಎಲುಬು ಹೊರಗೆ ಬಂತು. ನನ್ನನ್ನು ಹಿಡಿದವರು ಬಿಟ್ಟುಬಿಟ್ಟರು. ಅವಳು ಇನ್ನೊಮ್ಮೆ ಎತ್ತಿದಳು, ಮುಂದ ಬರ್ರಿ ನೋಡೋಣು ಎಂದಳು. ಯಾರೂ ಬರಲಿಲ್ಲ.

ಆಮೇಲೆ ಅಣ್ಣ ರಕ್ತ ಉಗುಳಿ, ನೆಲದ ಮೇಲಿನ ಕೊಂಡಿ ಎತ್ತಿ ತೋರಿಸಿದ. ನಾವು ಕಾಯಿಸಿದ ಮಾಲಿಗೆ ಎಂದೂ ಬಣ್ಣ ಬಳಿದವರಲ್ಲ, ಈ ನೀಲಿ ಎಲ್ಲಿಯದು ಎಂದು ತೊದಲಿದ. ಅದೇ ನೀಲಿ ಸಾಹುಕಾರನ ಟ್ರೇಲರಿಗೂ ಇದ್ದದ್ದನ್ನು ಗುಂಪಿನವರೆಲ್ಲ ಕಂಡಿದ್ದರು. ಎಲ್ಲರೂ ತಿರುಗಿ ನೋಡಿದರು. ಇಷ್ಟು ಹೊತ್ತು ಬಾಗಿಲಾಚೆ ನಿಂತು, ಹೊಡೀರಲೇ ಅವ್ನ ಎಂದು ಕೂಗುತ್ತಿದ್ದ ಸಾಹುಕಾರ ಬೈಕು ಹತ್ತಿ ಹೋಗಿಯಾಗಿತ್ತು.

ಸರಕಾರಿ ಆಸ್ಪತ್ರೆಯಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಅಕ್ಕಪಕ್ಕದ ಮಂಚಗಳಲ್ಲೇ ಮಲಗಿಸಿದ್ದರು. ಎರಡು ದಿನ ಒಲೆ ಹಚ್ಚದ ಅತ್ತಿಗೆ ಮೂರನೆಯ ದಿನ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ನನ್ನನ್ನೂ ಎಳೆದುಕೊಂಡು ಹೋದಳು. ಬೈಗುಳ ತಿನ್ನಲು ತಯಾರಾಗಿಯೇ ಹೋದೆವು. ಆ ಹೆಂಗಸು ಮಲಗಿದಲ್ಲಿಂದಲೇ ಅತ್ತಿಗೆಯ ಕಡೆ ತಿರುಗಿದಳು.

"ನನ್ನ ಗಂಡ ನಿನ್ನ ಮೈದ್ನನ ಕೈ ಮುರಿಯಾಕ ಬಂದಿದ್ದ, ನೀ ಹೊಡದಿ. ಅದು ಇರ್ಲಿ. ಆ ಸಾವ್ಕಾರ್ನ ಯಾಕ ಬಿಟ್ಟಿ?"

"ಅವ ಹಿಂದ ನಿಂತಿದ್ದ" ಎಂದಳು ಅತ್ತಿಗೆ.

"ಅವ್ರು ಯಾವಾಗ್ಲೂ ಹಿಂದ ನಿಂತಿರ್ತಾರ."

ಅತ್ತಿಗೆ ಗೋಡೆಗೆ ತಲೆ ಆನಿಸಿ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಗಂಡನ ಬಲಗೈಗೆ ಪಟ್ಟಿ, ಎಡಗೈಗೆ ಸಲೈನ್ ಸೂಜಿ. ರೊಟ್ಟಿಯನ್ನು ನೋಡುತ್ತಿದ್ದ. ಹೆಂಡತಿಗೆ ಏಳಲಾಗುತ್ತಿರಲಿಲ್ಲ. ಬೇರೆ ಯಾರೂ ಇಲ್ಲವಲ್ಲ ಎಂದು ನಾನೇ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಅವನ ಬಾಯಿಗೆ ಹಿಡಿದೆ. ಅವನು ಮೋರೆ ತಿರುಗಿಸಿದ. ಮತ್ತೆ ಹಿಡಿದೆ. ಬಾಯಿ ತೆರೆದ, ತುತ್ತಿನ ಜೊತೆಗೇ ನನ್ನ ಬೆರಳುಗಳನ್ನೂ ಕಚ್ಚಿ ಹಿಡಿದ. ಹಲ್ಲು ಒಳಗಿಳಿಯಿತು, ಅವನ ಗಲ್ಲದ ಮೇಲೆ ನನ್ನ ರಕ್ತ ಇಳಿಯಿತು. ನೋವಿಗೆ ಕಣ್ಣಿಗೆ ಕತ್ತಲೆ ಕವಿಯಿತು. ಅವನು ಮುರಿಯಬೇಕೆಂದಿದ್ದ ಅದೇ ಕೈ; ನಾನು ಎಳೆದುಕೊಳ್ಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಿಟ್ಟ, ತುತ್ತನ್ನು ಅಗಿದು ನುಂಗಿದ, ಇನ್ನೊಂದಕ್ಕೆ ಬಾಯಿ ತೆರೆದ.