ಕಣ್ಣು ತೆರೆಸದ ಮುಖ

ಬಹರೈನಿನ ಸೆಗಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ದಿನವೂ ಬೆಳಿಗ್ಗೆ ನನ್ನ ದೋಸೆಯ ಚುಂಯ್ ಸದ್ದಿಗೆ ಎದುರು ಮನೆಯ ಉಳಿಯ ಟಿಕ್‌ಟಿಕ್ ಜೊತೆಯಾಗುತ್ತಿತ್ತು. ಆ ದಿನ ಟಿಕ್‌ಟಿಕ್ ಇರಲಿಲ್ಲ. ಬಾಗಿಲು ತೆರೆದರೆ ಆ ಮನೆಯ ವಾಸು ಆಚಾರ್ಯರು, ಬೈರಾಸಿನಲ್ಲಿ ಸುತ್ತಿದ ತಾಮ್ರದ ತಗಡನ್ನು ಮಗುವಿನಂತೆ ಎದೆಗೊತ್ತಿಕೊಂಡು ನಿಂತಿದ್ದರು.

"ಮುಗೀತಾ?"

"ಕಣ್ಣೊಂದು ಬಿಟ್ಟು."

ಕಣ್ಣು ಅವರಿಗೆ ಯಾವಾಗಲೂ ಕೊನೆಯದು. ಕಾರ್ಕಳದಲ್ಲಿ ದೇವರ ಮೂರ್ತಿ ಮಾಡಿದ ಕೈ. ಇಲ್ಲಿ ಕಂಪನಿಯೊಂದರಲ್ಲಿ ಫಲಕ ಕೆತ್ತುವ ಕೆಲಸ. ನಿವೃತ್ತನಾಗುವ ಗುಮಾಸ್ತನ ಮುಖವಾದರೂ ಸರಿ, ಸ್ನಾನ ಮಾಡಿ ಬಂದೇ ಕಣ್ಣು ತೆರೆಸುವರು. "ಅಲ್ಲಿವರೆಗೆ ಅದು ಬರೀ ತಗಡು, ಅಕ್ಕ."

ಅವರ ಮುದೀರ್‌ಗೆ, ಅಂದರೆ ಮ್ಯಾನೇಜರಿಗೆ, ರೋಮಿನ ಚಕ್ರವರ್ತಿಯಂತೆ ಕಾಣುವ ಆಸೆ. ಹಳೆಯ ಕೆತ್ತನೆಚಿತ್ರವೊಂದರ ಪ್ರಿಂಟ್ ಕೊಟ್ಟು, ಹೀಗೇ ನನ್ನ ಮುಖ ಬರಲಿ ಎಂದಿದ್ದರಂತೆ. ತಲೆಗೆ ಎಲೆಗಳ ಕಿರೀಟ, ಕಪ್ಪುಗುಡ್ಡೆಯೇ ಇಲ್ಲದ ಖಾಲಿ ಕಣ್ಣು. ಕಾನ್ವೆಂಟಿನಲ್ಲಿ ಓದಿದವಳೆಂದು ಆಚಾರ್ಯರು ಅದನ್ನು ನನಗೆ ತೋರಿಸಿದ್ದರು.

"ಈ ರಾಜ ಜನ ಹೇಗೆ?" ಎಂದು ಕೇಳಿದ್ದರು.

"ಭಾರೀ ಕ್ರೂರಿ ಅಂತ ಸಿಸ್ಟರ್ ಹೇಳ್ತಿದ್ರು."

"ಮೂಗು ನೋಡಿದ್ರೆ ಗೊತ್ತೇ ಆಗುದಿಲ್ಲ! ಕೆತ್ತಿದವನು ಗದ್ದದ ಕೆಳಗಿನ ಮಾಂಸವನ್ನೂ ತೆಗ್ದಿದ್ದಾನೆ. ಮುದೀರರದ್ದು ನಾನೂ ತೆಗೀಬೇಕು. ದೊಡ್ಡವರಿಗೆ ಅದೆಲ್ಲ ಇರಬಾರ್ದು." ಆಮೇಲೆ ಕಣ್ಣು ನೋಡಿ ಲೊಚಗುಟ್ಟಿದರು. "ಪಾಪ, ಅರ್ಧಕ್ಕೆ ಬಿಟ್ಟಿದ್ದಾನೆ. ಅವನಿಗೂ ರಜೆ ಸಿಕ್ಕಿರ್ಲಿಕ್ಕಿಲ್ಲ."

ರಜೆಯ ಚಿಂತೆ ಅವರದೇ. ಊರಿನಲ್ಲಿ ಹೆಂಡತಿಗೆ ಹೃದಯದ ಆಪರೇಷನ್. ಪಾಸ್‌ಪೋರ್ಟ್ ಮುದೀರರ ಡ್ರಾಯರಿನಲ್ಲಿ. ಮೊದಲು ಚಿತ್ರ, ಆಮೇಲೆ ಊರು ಎಂಬ ಉತ್ತರ.

"ಪಾಸ್‌ಪೋರ್ಟ್ ಕೈಗೆ ಕೊಟ್ರೆ ಅಲ್ಲೇ ಕೂತು ಕಣ್ಣು ತೆರೆಸ್ತೇನೆ. ಇಲ್ಲದಿದ್ರೆ ಕುರುಡನಾಗಿಯೇ ಇರ್ಲಿ!" ಎಂದು ಮೆಟ್ಟಿಲಿಳಿದರು.

ಮಧ್ಯಾಹ್ನ ಮರಳಿದಾಗ ಪಾಸ್‌ಪೋರ್ಟ್ ಅಂಗಿಯ ಕಿಸೆಯಲ್ಲಿತ್ತು. ಮುಖ ಮಾತ್ರ ಬಾಡಿತ್ತು.

"ಮುದೀರರು ಕಣ್ಣು ಕೇಳ್ಲೇ ಇಲ್ಲ, ಅಕ್ಕ. ರೋಮಿನ ರಾಜರದ್ದು ಹೀಗೇ ಇರುದು, ಸರಿಯಾಗಿ ಮಾಡಿದ್ದೀ ಅಂತ ಬೆನ್ನು ತಟ್ಟಿ ಗೋಡೆಗೆ ಹಾಕಿಸಿದ್ರು. ಉಳಿ ತೆಗೀಲಿಕ್ಕೇ ಬಿಡ್ಲಿಲ್ಲ." ನಾನು ಅವರ ಹೆಂಡತಿಗೆಂದು ಕಟ್ಟಿಕೊಟ್ಟ ಖರ್ಜೂರವನ್ನು ಚೀಲಕ್ಕೆ ತುರುಕುತ್ತಾ ಕೇಳಿದರು: "ಜೀವ ಇಲ್ಲದ್ದನ್ನು ಕೊಟ್ಟು ಬಂದೆ. ತಪ್ಪಾಯ್ತಾ?"

ಅಷ್ಟರಲ್ಲಿ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಬಂತು; ಚೀಲದ ಬಾಯಿ ಕಟ್ಟಿ ಅವರ ಕೈಗೆ ಕೊಟ್ಟೆ. ಅವರು ಮತ್ತೆ ಬಹರೈನಿಗೆ ಬರಲಿಲ್ಲ.

ಅದೇ ಸಂಜೆ ಮೇಲಿನ ಮನೆಯ ಜಮೀಲಾ ಕರಿಬೇವು ಕೇಳಿಕೊಂಡು ಬಂದಳು. ಅವಳ ಗಂಡ ಅದೇ ಕಂಪನಿಯ ಡ್ರೈವರ್.

"ಆಚಾರ್ಯರ ಚಿತ್ರ ಭಾರೀ ಲಾಯ್ಕುಂಟಂತೆ, ಅಕ್ಕ," ಎಂದಳು, ಎಸಳು ಆರಿಸುತ್ತಾ. "ಆಫೀಸಲ್ಲಿ ಯಾವ ಮೂಲೆಯಲ್ಲಿ ನಿಂತ್ರೂ ನಮ್ಮನ್ನೇ ನೋಡ್ತದಂತೆ."