ಎರಡು ಗಂಟಿನ ಚಕ್ಕೆ

ಇವಾಕಿರಿ ಮನೆತನದ ಮೂಲಪುರುಷ ಜಿಂಪಾಚಿ. ಹಿತೊತ್ಸುಸೆ ಹೊಳೆ ಕೆಂಪಾಗಿ ಉಕ್ಕಿದ ವರ್ಷ, ಮೇಲಿನ ಕಾಡಿನಿಂದ ತೇಲಿಬಂದ ಕಯಾ ಮರದ ದಿಮ್ಮಿಯ ಮೇಲೆ ಹಾರಿ ಕುಳಿತು, ಎರಡು ಹಳ್ಳಿ ದಾಟಿದ ಮೇಲೆ ಅದನ್ನು ದಡ ಹತ್ತಿಸಿದವನು. ಆ ದಿಮ್ಮಿಯನ್ನು ಹನ್ನೆರಡು ವರ್ಷ ನೆರಳಲ್ಲಿ ಒಣಗಿಸಿ, ನಮ್ಮ ಹ್ಯೂಗಾ ಸೀಮೆಯ ಕುರಿಬಾರು ಹಳ್ಳಿಯಲ್ಲಿ ಮೊದಲ ಗೋ ಆಟದ ಮಣೆ ಕೆತ್ತಿದವನೂ ಅವನೇ. ಕರಿಕಲ್ಲು ಬಿಳಿಕಲ್ಲು ಇಟ್ಟು ಇಬ್ಬರು ಎದುರುಬದುರು ಕೂತು ಆಡುವ ಆ ಮಣೆಗೆ ಒಂದು ಗೇಣು ದಪ್ಪ, ನಾಲ್ಕು ಗಿಡ್ಡ ಕಾಲು.

ಜಿಂಪಾಚಿಯ ಮಗ ಸೊಸುಕೆ. ಕೋಟೆಯ ಒಡೆಯನ ಕಾರಭಾರಿ ಬಂದು ತಿಂಗಳೊಳಗೆ ಮಣೆ ಬೇಕು, ಹಸಿ ಮರವಾದರೂ ಸರಿ ಎಂದಾಗ, "ಹಸಿಯದೇ ಬೇಕಾದರೆ ಸೌತೆಕಾಯಿ ಹೆಚ್ಚಿಕೊಂಡು ಅದರ ಮೇಲೆ ಆಡಿ" ಎಂದವನು. ಆ ಮಾತಿಗೆ ನಲವತ್ತು ದಿನ ಕೈಗೆ ಬೇಡಿ ಹಾಕಿಸಿಕೊಂಡು ಮನೆಯಲ್ಲೇ ಕೂತ. ಹೆಂಡತಿ ಅನ್ನ ಉಣ್ಣಿಸಿದಳು. ಹಸಿ ಮರವನ್ನು ಮಾತ್ರ ಅವನು ಮುಟ್ಟಲಿಲ್ಲ.

ಸೊಸುಕೆಯ ಮಗ ಕಾನ್ಸುಕೆ. ನಲವತ್ತನೆಯ ವಯಸ್ಸಿನಲ್ಲಿ ದಿಮ್ಮಿ ಉರುಳಿ ಎರಡು ಮಂಡಿಯೂ ನುಚ್ಚಾದವು. ಅಲ್ಲಿಂದ ಮುಂದೆ ಹತ್ತೊಂಬತ್ತು ವರ್ಷ ಚಾಪೆಯ ಮೇಲೆ ಕೂತೇ ಮರ ಆರಿಸಿದ. ಕಾಡಿಗೆ ಹೋದವರು ನಿಂತ ಮರದ ಬುಡದಿಂದ, ಮೊಣಕಾಲೆತ್ತರದಲ್ಲಿ, ಕೊಡಲಿಯಿಂದ ಒಂದು ಚಕ್ಕೆ ಎಬ್ಬಿಸಿ ತರಬೇಕು. ಕಾನ್ಸುಕೆ ಅದನ್ನು ಮೂಸುವನು, ಹಲ್ಲಲ್ಲಿ ಕಚ್ಚುವನು, ಉಗುರು ಒತ್ತಿ ಗುರುತು ಮೂಡಿಸಿ, ಆ ತಗ್ಗು ತಾನಾಗಿ ಮೇಲೇಳುತ್ತದೋ ಇಲ್ಲವೋ ಎಂದು ಕಾಯುವನು. "ಇದನ್ನು ಕಡೀರಿ" ಎಂದರೆ ಅದೇ ಮರ ಬೀಳುತ್ತಿತ್ತು. ಎರಡು ಮಾತಿಲ್ಲ.

ಆ ಕಾನ್ಸುಕೆಯ ಒಬ್ಬಳೇ ಮಗಳು ನುಯಿ. ಚಾಪೆಯ ಪಕ್ಕದಲ್ಲೇ ಬೆಳೆದು, ಅಪ್ಪ ಕಚ್ಚಿದ ಚಕ್ಕೆಯನ್ನೇ ತಾನೂ ಕಚ್ಚಿ ವಿದ್ಯೆ ಕಲಿತಳು. ಅಪ್ಪ ಸತ್ತ ಮೇಲೆ ಆರಿಸುವ ಕೆಲಸ ಅವಳದಾಯಿತು. ಮನೆ ಅಳಿಯನಾಗಿ ಬಂದಿದ್ದ ಗಂಡ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಕೊಟ್ಟಿಗೆಯಲ್ಲಿ ಒಣಗುತ್ತಿದ್ದ ಹದಿನೇಳು ತುಂಡು ಮರವನ್ನು ಸೈನ್ಯದವರು ಲಾರಿಗೆ ಹೇರಿಕೊಂಡು ಹೋಗಿ ಒಲೆಗಿಟ್ಟರು. ಅದೆಲ್ಲ ಆಗಿ ಹತ್ತು ವರ್ಷ ಕಳೆದಿತ್ತು. ನುಯಿಗೆ ಈಗ ನಲವತ್ತೆಂಟು. ಕೊಟ್ಟಿಗೆಯಲ್ಲಿ ಉಳಿದಿದ್ದದ್ದು ಎರಡೇ ತುಂಡು.

ಈ ಚಳಿಗಾಲ ಉರುಳಿದ ಮರ ಅವಳ ಅರವತ್ತಕ್ಕೆ ಒಣಗಿ ಕೈಗೆ ಬರುತ್ತದೆ. ಅಷ್ಟು ಹೊತ್ತಿಗೆ ಕಣ್ಣಿದ್ದರೆ, ಕೈ ನಡುಗದಿದ್ದರೆ, ಇನ್ನೊಂದು ಹತ್ತು ಮಣೆ. ಮುಂದಿನ ಚಳಿಗಾಲಕ್ಕೆ ಬಿಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಬೇಸಿಗೆಗೆ ಇಡೀ ಗುಡ್ಡವನ್ನು ಬೋಳಿಸಿ ಬೇಗ ಬೆಳೆಯುವ ಸುಗಿ ಮರದ ಸಸಿ ನೆಡುವುದೆಂದು ತೀರ್ಮಾನವಾಗಿತ್ತು. ರಸ ಏರಿದ ಕಾಲದಲ್ಲಿ ಬಿದ್ದ ಕಯಾ ಮರ ಇದ್ದಿಲಿಗಷ್ಟೇ ಲಾಯಕ್ಕು. ಗುಡ್ಡದಲ್ಲಿ ಮಣೆಯಾಗುವಷ್ಟು ದಪ್ಪದ ಕಯಾ ಉಳಿದಿದ್ದದ್ದು ಎರಡು. ಒಂದು ಇದ್ದಿಲು ಸುಡುವವರ ದಾರಿಯ ಪಕ್ಕದಲ್ಲಿ, ಬಿಸಿಲಿಗೆ ಮುಖ ಮಾಡಿ ನಿಂತದ್ದು. ಇನ್ನೊಂದು ಕಾಗೆಕೊರಕಲಿನ ತಳದಲ್ಲಿ, ನೆರಳಲ್ಲಿ.

ಮರ ಕಡಿಯುವವರ ಯಜಮಾನ ಗೊಹೇ ಎರಡರ ಚಕ್ಕೆಯನ್ನೂ ತರಿಸಿಕೊಟ್ಟಿದ್ದ. ದಾರಿಮಗ್ಗುಲಿನ ಮರದ ಚಕ್ಕೆಗೆ ದಾರದಲ್ಲಿ ಒಂದು ಗಂಟು, ಕೊರಕಲಿನದಕ್ಕೆ ಎರಡು. ನುಯಿ ಮೂರು ದಿನ ಎರಡನ್ನೂ ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಓಡಾಡಿದಳು. ಒಂದು ಗಂಟಿನ ಚಕ್ಕೆಯ ಗೆರೆಗಳು ದಪ್ಪಗೆ, ಸಡಿಲಾಗಿದ್ದವು. ಒತ್ತಿದ ಉಗುರಿನ ಗುರುತು ಹಾಗೇ ಉಳಿಯಿತು. ಎರಡು ಗಂಟಿನದರಲ್ಲಿ ಗೆರೆಗಳು ಕೂದಲೆಳೆ. ಬಣ್ಣ ಹಳೆಯ ತುಪ್ಪದ್ದು. ಸಂಜೆ ಒತ್ತಿದ ಗುರುತು ಬೆಳಗಾಗುವಷ್ಟರಲ್ಲಿ ತುಂಬಿಕೊಂಡಿತ್ತು. ಇಂಥ ಮರದ ಮಣೆ ಕಲ್ಲಿನ ಪೆಟ್ಟು ತಿಂದು ತಿಂದು ನೂರು ವರ್ಷವಾದರೂ ಮುಖ ಕೆಡಿಸಿಕೊಳ್ಳುವುದಿಲ್ಲ.

"ಎರಡು ಗಂಟಿನದು," ಎಂದಳು. ಗೊಹೇ ತಲೆಯಾಡಿಸಿ ಹೋದ.

ಆರನೆಯ ದಿನ ದಿಮ್ಮಿ ಹೊಳೆಯ ದಡಕ್ಕೆ ಬಂತು. ಅಲ್ಲಿಯವರೆಗೆ ಮಾತ್ರ ಹೆಂಗಸರು ಹೋಗಬಹುದಿತ್ತು. ಅದರಾಚೆ ಬೆಟ್ಟದ ದೇವಿಯ ಸೀಮೆ. ನುಯಿ ಹೋದಾಗ ಗೊಹೇ, ಅವನ ತಮ್ಮ ತೊರಾಕಿಚಿ ಮತ್ತು ಇನ್ನಿಬ್ಬರು ಕೂಲಿಯವರು ಬೆಂಕಿ ಹಾಕಿಕೊಂಡು ಗೆಣಸಿನ ಸಾರಾಯಿ ಕಾಯಿಸುತ್ತಿದ್ದರು.

"ಬಾ ನುಯಿ, ನಿನ್ನ ಮರ ಬಂತು ನೋಡು," ಎಂದ ಗೊಹೇ. "ಒಂದೇ ದಿನಕ್ಕೆ ಇಳಿಸಿಬಿಟ್ವಿ. ನಿಮ್ಮಪ್ಪನ ಕಾಲದಲ್ಲೂ ಇಷ್ಟು ಚುರುಕಾಗಿ ಕೆಲ್ಸ ಆಗಿರ್ಲಿಲ್ಲ."

"ಒಂದೇ ದಿನಕ್ಕಾ?" ಎಂದಳು ನುಯಿ. "ಕೊರಕಲಿಂದ ಹೊಳೆಗೆ ಮೂರು ದಿನದ ಎಳೆತ ಅಂತ ನೀನೇ ಅಂದಿದ್ದೆ."

"ಹಿಮ ಬಿದ್ದಿತ್ತಲ್ಲ. ಜಾರ್ಕೊಂಡು ಬಂತು."

ಅವಳು ದಿಮ್ಮಿಯ ಬುಡದ ಕಡೆಗೆ ನಡೆದು ಕುಕ್ಕರುಗಾಲಲ್ಲಿ ಕೂತಳು. ಗರಗಸ ಬಿಟ್ಟ ಹಸಿ ಮುಖ ಎದುರಿಗಿತ್ತು. ಒಂದು ಮಗ್ಗುಲಲ್ಲಿ ಗೆರೆಗಳು ಬೆರಳಗಲ, ಇನ್ನೊಂದು ಮಗ್ಗುಲಲ್ಲಿ ಒತ್ತೊತ್ತು. ಜನ್ಮವೆಲ್ಲ ಬಿಸಿಲಿಗೆ ಕತ್ತು ಚಾಚಿ ವಾಲಿ ನಿಂತ ಮರ. ಇದರಲ್ಲಿ ಮಣೆ ಕೆತ್ತಿದರೆ ಹತ್ತು ವರ್ಷ ಒಣಗಿಸಿದರೂ ಒಂದು ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಮೂಗು ಹತ್ತಿರ ಒಯ್ದಳು. ಸಿಹಿ ವಾಸನೆ ಇತ್ತು, ಆದರೆ ನೀರು ಬೆರೆಸಿದ ಹಾಗೆ ತೆಳ್ಳಗೆ. ಸಿಟ್ಟು ಬಂದರೆ ನುಯಿಯ ದನಿ ಏರುವುದಿಲ್ಲ, ಇಳಿಯುತ್ತದೆ. ಹಳ್ಳಿಯವರಿಗೆ ಅದು ಗೊತ್ತು.

"ಗೊಹೇ ಅಣ್ಣ, ಇದು ಯಾವ ಮರ?"

"ಯಾವ ಮರ ಅಂದ್ರೆ? ಕಯಾ. ಬಿದಿರಿನ ಥರ ಕಾಣ್ತದಾ?"

"ಯಾವ ಕಯಾ ಅಂತ ಕೇಳಿದ್ದು."

ತೊರಾಕಿಚಿ ನಕ್ಕ. "ಅಕ್ಕ, ಮರಕ್ಕೇನು ಮೂಗು ಬಾಯಿ ಇರ್ತದಾ ಗುರುತು ಹಿಡಿಯೋಕೆ? ಸೊಪ್ಪು ಸವರಿ ಮಲಗಿಸಿದ ಮೇಲೆ ಎಲ್ಲಾ ಒಂದೇ. ಗಂಡಸರ ಥರಾನೇ."

ಕೂಲಿಯವರಿಬ್ಬರೂ ಕಿಸಕ್ಕೆಂದರು. ನುಯಿ ಸೊಂಟದ ಪಟ್ಟಿಯಿಂದ ಎರಡೂ ಚಕ್ಕೆ ತೆಗೆದಳು. ದಿಮ್ಮಿಯ ಸುತ್ತ ಕೈಯಾಡಿಸುತ್ತ, ಮೊಣಕಾಲೆತ್ತರಕ್ಕೆ ಸರಿಯಾದ ಜಾಗದಲ್ಲಿ ಕೊಡಲಿಯ ಹಳೆಯ ಗಾಯ ಹುಡುಕಿದಳು. ಸಿಕ್ಕಿತು. ಎರಡು ಗಂಟಿನ ಚಕ್ಕೆಯನ್ನು ಅದರಲ್ಲಿ ಕೂರಿಸಲು ನೋಡಿದಳು. ಅಂಚು ಹೊರಗೇ ನಿಂತಿತು. ಒಂದು ಗಂಟಿನದನ್ನು ಇಟ್ಟಳು. ಮುರಿದ ಹಲ್ಲು ತನ್ನ ವಸಡಿಗೆ ಹಿಂದಿರುಗಿದ ಹಾಗೆ ಸರಕ್ಕನೆ ಕೂತುಕೊಂಡಿತು. ಅವಳು ಕೈ ಬಿಟ್ಟಳು. ಬೀಳಲಿಲ್ಲ.

ಸಾರಾಯಿ ಉಕ್ಕಿ ಬೆಂಕಿಗೆ ಚೆಲ್ಲಿತು.

"ನೋಡು ನುಯಿ," ಎಂದ ಗೊಹೇ, ಎದ್ದು ನಿಂತು. "ನಿಂಗೆ ಉಪಕಾರ ಆಗ್ಲಿ ಅಂತಾನೇ ಮಾಡಿದ್ದು. ಆ ಕೊರಕಲಿಗೆ ಇಳಿಯೋದು ಅಂದ್ರೆ ಜೀವದ ಆಸೆ ಬಿಟ್ಟು ಇಳೀಬೇಕು. ಮೂರು ದಿನ ನಾಲ್ಕು ಜನ. ಇದೂ ಕಯಾನೇ ತಾನೆ? ಆಡೋರಿಗೇನು ತಿಳೀತದೆ, ಕಲ್ಲಿಟ್ರೆ ಟಕ್ ಅಂದ್ರೆ ಸಾಕು."

"ಆಗಲ್ಲ ಅಂತ ಅವತ್ತೇ ಹೇಳಬಹುದಿತ್ತು."

"ಹೇಳಿದ್ರೆ ನೀನು ಕೇಳ್ತಿದ್ದ್ಯಾ?"

"ಕೇಳ್ತಿರ್ಲಿಲ್ಲ. ಅದಕ್ಕೆ ಮೋಸ ಮಾಡ್ದೆ." ನುಯಿಯ ದನಿ ಈಗ ಹೊಳೆಯ ಸದ್ದಿನ ಕೆಳಗೆ ಹೋಗಿತ್ತು. "ನಮ್ಮಪ್ಪ ಇದ್ದಾಗ ಒಂದೇ ಒಂದು ಸಲ ಹಿಂಗೆ ಮಾಡಿದ್ಯಾ ಅಣ್ಣ? ಅವನೂ ಚಾಪೆ ಮೇಲೇ ಕೂತಿದ್ದ. ಅವನೂ ಚಕ್ಕೆ ನೋಡೇ ಹೇಳ್ತಿದ್ದ."

ಗೊಹೇ ಹೇಳಬಾರದೆಂದುಕೊಂಡದ್ದನ್ನು ಹೇಳಿಬಿಟ್ಟ. "ನಿಮ್ಮಪ್ಪ ಕಾಲು ಹೋಗೋಕೆ ಮುಂಚೆ ಕಾಡು ಹತ್ತಿದ್ದವನು. ನಿಂತ ಮರ ಕಂಡಿದ್ದವನು. ನೀನು ಒಂದು ದಿನಾನೂ ಹತ್ತಿದವಳಲ್ಲ."

ಕಾನ್ಸುಕೆ ಕೂತಲ್ಲಿಂದ ಆರಿಸಿದರೆ ಅದು ವಿದ್ಯೆ. ಅದೇ ಚಾಪೆಯ ಮೇಲೆ ಕೂತು ಮಗಳು ಆರಿಸಿದರೆ ಅದು ಹೆಂಗಸಿನ ಹಠ. ಕಾಡಿಗೆ ಕಾಲಿಡಬೇಡ ಎಂದವರೇ, ಕಾಡು ಕಂಡಿಲ್ಲ ನೀನು ಎಂದು ಮುಖಕ್ಕೆ ಹೊಡೆಯುವಂತೆ ಹೇಳುತ್ತಾರೆ. ನುಯಿಗೆ ದಡದ ಕಲ್ಲೊಂದನ್ನು ಎತ್ತಿ ಸಾರಾಯಿಯ ಪಾತ್ರೆಗೆ ಹಾಕಬೇಕೆನ್ನಿಸಿತು. ಹಾಕಲಿಲ್ಲ.

"ಹತ್ತೋಕೆ ಬಿಟ್ಟೋರು ಯಾರು?"

"ನಾವು ಬಿಡೋಕೆ ಯಾರು? ದೇವಿ ಬಿಡಲ್ಲ. ಹೆಂಗಸನ್ನ ಕಂಡ್ರೆ ಅವಳಿಗೆ ಹೊಟ್ಟೆಕಿಚ್ಚು."

"ಅವಳಿಗೆ ನೀವು ಒಣಗಿದ ಒಕೋಜೆ ಮೀನು ಯಾಕೆ ತಗೊಂಡೋಗ್ತೀರಿ?"

"ಇದೇನು ಗೊತ್ತಿಲ್ದೋಳ ಹಾಗೆ ಕೇಳ್ತೀಯ," ಎಂದ ತೊರಾಕಿಚಿ. "ಅದರ ವಿಕಾರ ಮುಖ ನೋಡಿ, ಇದಕ್ಕಿಂತ ತಾನೇ ಚೆಲುವೆ ಅಂತ ಖುಷಿ ಪಡ್ತಾಳೆ."

"ಹಂಗಾದ್ರೆ ನನ್ನ ಮುಖಾನೂ ನೋಡ್ಲಿ. ಮುಂದಿನ ಎರಡು ಹಲ್ಲಿಲ್ಲ, ಕೆನ್ನೆ ಗುಳಿ ಬಿದ್ದದೆ. ನಿಮಗೆ ಮೀನಿನ ಖರ್ಚು ಉಳೀತದೆ."

ತೊರಾಕಿಚಿಗೆ ನಗು ಬಂತು. ಅವಳ ಕಣ್ಣು ನೋಡಿ ಅರ್ಧಕ್ಕೇ ನುಂಗಿಕೊಂಡ.

"ಈ ತಿಂಗಳ ಹದಿನಾರನೇ ದಿನ ದೇವಿ ತನ್ನ ಮರ ಎಣಿಸೋ ದಿನ," ಎಂದ ಗೊಹೇ. "ಅವತ್ತು ಯಾರೂ ಹತ್ತಲ್ಲ. ಅದು ಕಳೆದ ಮೇಲೆ ನಾವು ಪಕ್ಕದ ಕಣಿವೆ ಕೆಲ್ಸಕ್ಕೆ ಹೋಗ್ತೀವಿ, ಒಪ್ಕೊಂಡಾಗಿದೆ. ಇದನ್ನೇ ಇಟ್ಕೋ. ಕೂಲಿ ಬೇಡ, ಹೋಗ್ಲಿ."

"ಇದು ನಿನ್ನ ಮರ. ನೀನೇ ಇಟ್ಕೋ. ಹಂದಿಗೆ ಕಲಗಚ್ಚಿನ ದೋಣಿ ಮಾಡು," ಎಂದು ಅವಳು ಎದ್ದಳು. ಒಂದು ಗಂಟಿನ ಚಕ್ಕೆಯನ್ನು ದಿಮ್ಮಿಯ ಗಾಯದಲ್ಲೇ ಬಿಟ್ಟಳು.

ಮನೆಗೆ ಬಂದು ಅಪ್ಪನ ದೊಡ್ಡ ಗರಗಸ ಇಳಿಸಿದಳು. ಮರ ಕೊಯ್ಯುವವನೊಬ್ಬನೇ ಹಿಡಿದು ಎಳೆಯುವ, ಹಂದಿಯ ಬೆನ್ನಿನಂತೆ ಉಬ್ಬಿದ ಗರಗಸ ಅದು. ಎರಡು ದಿನ ಅರ ಹಿಡಿದು ಒಂದೊಂದೇ ಹಲ್ಲು ಮಸೆದಳು. ಕಬ್ಬಿಣದ ಕರಕರ ಪಕ್ಕದ ಮನೆಯವರ ಊಟ ಕೆಡಿಸಿತು. ಮಸೆದಷ್ಟೂ ಸಿಟ್ಟು ಕಡಿಮೆಯಾಗಲಿಲ್ಲ, ಬದಲಿಗೆ ತಿರುಗಿ ಅವಳ ಮೇಲೇ ಬಂತು. ಎಷ್ಟು ಮರ ಆರಿಸಿದ್ದಳು ಇಷ್ಟು ವರ್ಷದಲ್ಲಿ? ಒಂದಾದರೂ ನಿಂತದ್ದನ್ನು ಕಂಡಿದ್ದಳೇ? ಬಂದ ದಿಮ್ಮಿಗೆಲ್ಲ ಗಾಯ ಹುಡುಕಿ ಚಕ್ಕೆ ಕೂರಿಸಿ ನೋಡಬೇಕೆಂದು ಇವತ್ತಿನವರೆಗೆ ಯಾಕೆ ಹೊಳೆಯಲಿಲ್ಲ? ಅಪ್ಪನ ಮಾತಿಗೆ ಬೀಳುತ್ತಿದ್ದ ಮರ ತನ್ನ ಮಾತಿಗೂ ಬೀಳುತ್ತದೆಂದು ನಂಬಿಕೊಂಡು ಕೂತಿದ್ದಳು. ಹಿಂದಿನವುಗಳಲ್ಲಿ ಇನ್ನೆಷ್ಟು ಹೀಗೆ ಬದಲಾಗಿದ್ದವೋ. ಅವುಗಳಿಂದಾದ ಮಣೆಗಳ ಅಡಿಗೆಲ್ಲ ಇವಾಕಿರಿ ಮುದ್ರೆ ಕಾಯಿಸಿ ಒತ್ತಿದವಳು ಅವಳೇ.

ಹದಿನಾರನೇ ದಿನ ಕಳೆಯಲೆಂದು ಅವಳು ಕಾಯಲಿಲ್ಲ. ಮೂರನೆಯ ಬೆಳಿಗ್ಗೆ ನವಣೆಯ ಉಂಡೆ, ಉಪ್ಪುಮೂಲಂಗಿ ಕಟ್ಟಿಕೊಂಡು, ಬೆನ್ನಿಗೆ ಹೊರೆ ಹೊರುವ ಚೌಕಟ್ಟು, ಹೆಗಲಿಗೆ ಗರಗಸ ಏರಿಸಿ ಹೊರಟಳು. ಹೊಳೆ ದಾಟಿದ ಮೇಲೆ ಎರಡು ಮರದ ನಡುವೆ ಕಟ್ಟಿದ ಹುಲ್ಲುಹಗ್ಗ ಸಿಗುತ್ತದೆ. ದೇವಿಯ ಸೀಮೆ ಅಲ್ಲಿಂದ. ಹಗ್ಗದ ಈಚೆ ಗೊಹೇ ನಿಂತಿದ್ದ, ಹಿಂದೆ ತೊರಾಕಿಚಿ ಮತ್ತು ಕೂಲಿಯವರು, ಎಲ್ಲರ ಕೈಯಲ್ಲೂ ಕೊಡಲಿ, ಹಗ್ಗ. ತಡೆಯಲು ಬಂದರೆಂದು ನುಯಿ ಗರಗಸದ ಹಿಡಿಯನ್ನು ಬಿಗಿ ಹಿಡಿದಳು.

ಗೊಹೇ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಪಕ್ಕದ ಕಣಿವೆಯವರಿಗೆ ನಾಲ್ಕು ದಿನ ತಡ ಆಗ್ತದೆ ಅಂತ ಹೇಳಿ ಕಳಿಸಿದ್ದೀನಿ," ಎಂದ. "ತಪ್ಪು ನಂದೇ, ನುಯಿ. ಇಡೀ ಊರಿಗೆ ಗೊತ್ತಾಯ್ತು, ನಂಗೆ ತಲೆ ಎತ್ತೋಕಾಗ್ತಿಲ್ಲ. ನೀನು ಇಲ್ಲೇ ಇರು. ಕೊರಕಲಿನ ಮರಾನೇ ತರ್ತೀವಿ, ಬಿಟ್ಟಿಯಾಗಿ. ಬುಡದ ಗಾಯ ಸಮೇತ ತರ್ತೀವಿ, ನೀನೇ ಚಕ್ಕೆ ಇಟ್ಟು ನೋಡು."

"ಇಲ್ಲೇ ಇರ್ಬೇಕಾ?"

"ಬರ್ಲೇಬೇಕು ಅಂದ್ರೆ ಬಾ. ಹಿಂದೆ ಬಾ. ಗರಗಸ ತೊರಾ ಹೊರ್ತಾನೆ." ತೊರಾಕಿಚಿ ಕೈ ಚಾಚಿದ.

ನುಯಿ ಗರಗಸವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಬೇಡ ಕಣೋ ತೊರಾ, ಕೈ ಇಳಿಸು. ಗೊಹೇ ಅಣ್ಣ, ನೀನು ತಲೆ ಎತ್ತೋಕಾಗಲ್ಲ ಅಂತ ನಾನು ಸಹಾಯ ತಗೋಬೇಕಾ? ಅದು ನಿನ್ನ ತಲೆ, ನೀನೇ ಎತ್ಕೋ. ಹಿಂದೆ ಬಂದ್ರೆ ನಂಗೆ ಕಾಣೋದು ನಿಮ್ಮ ಬೆನ್ನು. ಇಷ್ಟು ವರ್ಷ ಅದನ್ನೇ ನೋಡಿದ್ದಾಯ್ತು. ಮರ ನಿಂತಿರೋದನ್ನ ಮೊದಲು ನಾನು ನೋಡ್ಬೇಕು, ಸುತ್ತ ಬಂದು ನೋಡ್ಬೇಕು. ಎರಡು ಗಂಟಿನ ಚಕ್ಕೆಯ ಗಾಯ ಅದರ ಬುಡದಲ್ಲಿದ್ರೆ ಕಡೀತೀನಿ. ಹತ್ತು ದಿನ ಆಗ್ಲಿ, ಇಪ್ಪತ್ತು ದಿನ ಆಗ್ಲಿ. ಇಡೀ ದಿಮ್ಮಿ ಎಳೆಯೋಕೆ ಆಗಲ್ಲ ನಂಗೆ, ಗೊತ್ತು. ಅಲ್ಲೇ ಮಣೆಯಷ್ಟಷ್ಟು ಕೊಯ್ದು ಒಂದೊಂದೇ ಹೊತ್ತು ತರ್ತೀನಿ. ಹತ್ತು ಸಲ ಹತ್ತಿ ಇಳಿದ್ರೆ ಹತ್ತು ಮಣೆ. ದೇವಿ ಎಣಿಸ್ತಾಳೋ, ಎಣಿಸ್ಲಿ. ಯಾರ ಕೈಲೂ ಒಂದು ಹಗ್ಗಾನೂ ಹಿಡಿಸಲ್ಲ ನಾನು. ಪಕ್ಕಕ್ಕೆ ಸರಿ ಅಣ್ಣ, ಹೊತ್ತಾಗ್ತಿದೆ."